ಕೋಲಾಟ ಬಲ್ಲವರು ಕಾಂಟ್ರಾ ನೃತ್ಯಕ್ಕೆ ಇಳಿದಾಗ: ಯಾವುದು ಜೊತೆಗೆ ಬರುತ್ತದೆ, ಯಾವುದನ್ನು ಬಿಡಬೇಕು?

ಜಡೆಕೋಲು:

ಮಂಡ್ಯದ ಕಡೆಯ ಹಳ್ಳಿಯೊಂದರಲ್ಲಿ ಕೋಲಾಟ ಆಡುತ್ತಾ ಬೆಳೆದ ನಾನು ಈಗ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದೇನೆ. ಕಳೆದ ಚಳಿಗಾಲದಿಂದ ಇಲ್ಲಿನ ಕಾಂಟ್ರಾ ನೃತ್ಯಕ್ಕೆ ಹೋಗತೊಡಗಿದ್ದೇನೆ. ಕೋಲಾಟಕ್ಕೆ ಒಗ್ಗಿದ ಮೈ ಈ ಹೊಸ ಸಾಲಿನಲ್ಲಿ ಎಲ್ಲಿ ಸಲೀಸಾಗಿ ಸಾಗುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ಇಲ್ಲಿ ಇಡುತ್ತಿದ್ದೇನೆ. ಈ ಚರ್ಚಾ ವೇದಿಕೆಯಲ್ಲಿ ಹಲವು ವರ್ಷಗಳಿಂದ ಕಾಂಟ್ರಾ ಆಡುತ್ತಿರುವವರು ಇದ್ದಾರೆಂದು ಬಲ್ಲೆ. ಅವರು ತಮ್ಮ ಅನುಭವವನ್ನು ಸೇರಿಸಬೇಕೆಂದು ಕೋರುತ್ತೇನೆ.

ಈ ನೃತ್ಯವನ್ನು ನೋಡದವರಿಗಾಗಿ ಮೊದಲು ಅದರ ಕಟ್ಟನ್ನು ಹೇಳುತ್ತೇನೆ. ಸಭಾಂಗಣದ ಉದ್ದಕ್ಕೂ ಎರಡು ಸಾಲುಗಳು ಎದುರುಬದುರಾಗಿ ನಿಲ್ಲುತ್ತವೆ; ನಿಮ್ಮ ಜೊತೆಗಾರರು ಎದುರು ಸಾಲಿನಲ್ಲಿರುತ್ತಾರೆ. ವಾದ್ಯಗಾರರು ಕುಳಿತಿರುವ ತುದಿಯಿಂದ ಆರಂಭಿಸಿ ಎರಡೆರಡು ಜೋಡಿಗಳು ಕೈಹಿಡಿದು ನಾಲ್ವರ ಗುಂಪುಗಳಾಗುತ್ತವೆ. ಆ ನಾಲ್ವರು 64 ಎಣಿಕೆಗಳ ಒಂದು ಸುತ್ತನ್ನು ಆಡಿ ಮುಗಿಸುವ ಹೊತ್ತಿಗೆ ಒಂದು ಜೋಡಿ ಸಾಲಿನಲ್ಲಿ ಒಂದು ಸ್ಥಾನ ಕೆಳಕ್ಕೂ (ವಾದ್ಯಗಾರರಿಂದ ದೂರಕ್ಕೆ) ಇನ್ನೊಂದು ಜೋಡಿ ಒಂದು ಸ್ಥಾನ ಮೇಲಕ್ಕೂ (ವಾದ್ಯಗಾರರತ್ತ) ಸರಿದಿರುತ್ತದೆ. ಅಲ್ಲಿ ಹೊಸ ಜೋಡಿ ಎದುರಾಗುತ್ತದೆ, ಅದೇ ಸುತ್ತು ಮತ್ತೆ ಮೊದಲಾಗುತ್ತದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಸಾಲಿನ ಬಹುಪಾಲು ಮಂದಿಯ ಕೈಯನ್ನು ನೀವು ಒಮ್ಮೆಯಾದರೂ ಹಿಡಿದಿರುತ್ತೀರಿ. ಆ ನೃತ್ಯ ಮುಗಿದ ಮೇಲೆ ಜೊತೆಗಾರರಿಗೆ ವಂದಿಸಿ ಇನ್ನೊಬ್ಬರನ್ನು ಕರೆಯುವುದು ಇಲ್ಲಿನ ವಾಡಿಕೆ. ಗಂಡ ಹೆಂಡಿರೂ ಇಡೀ ಸಂಜೆ ಒಬ್ಬರಿಗೊಬ್ಬರು ಅಂಟಿಕೊಂಡಿರುವುದಿಲ್ಲ.

ಒಳಸುತ್ತು ಹೊರಸುತ್ತುಗಳ ಕೋಲಾಟ ಆಡಿದವರಿಗೆ ಈ ಸರಿಯುವಿಕೆ ಹೊಸತೇನಲ್ಲ. ಒಂದು ಕೋಪು, ಅಂದರೆ ಕೋಲಾಟದ ಒಂದು ವಿನ್ಯಾಸ, ಮುಗಿದೊಡನೆ ಮುಂದಿನ ಕೋಲಿಗೆ ಹೋಗಿ ಹೊಸ ಮುಖದೆದುರು ನಿಲ್ಲುವುದು ನಮಗೆ ಅಭ್ಯಾಸವಾಗಿದೆ. ನನಗೆ ಅದಕ್ಕಿಂತ ಅಚ್ಚರಿಯಾದದ್ದು ‘ಹೇ’ ಎಂದು ಇವರು ಕರೆಯುವ ಚಲನೆ. ನಾಲ್ವರು ಒಬ್ಬರನ್ನೊಬ್ಬರು ಬಲಭುಜದ ಕಡೆಯಿಂದ, ಎಡಭುಜದ ಕಡೆಯಿಂದ, ಮತ್ತೆ ಬಲದಿಂದ ಹಾಯ್ದು ಹೆಣೆದುಕೊಂಡು ಹೋಗುತ್ತಾರೆ. ಹೊಸಬರು ಇದಕ್ಕೆ ಬಹಳ ಹೆದರುತ್ತಾರೆ. ಜಡೆ ಕೋಲಾಟದಲ್ಲಿ ಮೇಲಿನಿಂದ ಇಳಿಬಿಟ್ಟ ಹಗ್ಗ ಹಿಡಿದು ಒಬ್ಬರ ಒಳಗಿನಿಂದ, ಮುಂದಿನವರ ಹೊರಗಿನಿಂದ ಸಾಗಿ ಜಡೆ ಹೆಣೆದವರಿಗೆ ಮಾತ್ರ ಆ ದಾರಿ ಕಾಲಿಗೆ ತಾನಾಗಿಯೇ ಬರುತ್ತದೆ, ಏಕೆಂದರೆ ಹಗ್ಗವಿಲ್ಲ ಎಂಬುದನ್ನು ಬಿಟ್ಟರೆ ಎರಡೂ ಒಂದೇ ನೇಯ್ಗೆ.

ಕಷ್ಟವಾಗಿರುವುದು ಬೇರೆ ಕಡೆ. ಕೋಲಾಟದಲ್ಲಿ ನನಗೂ ಎದುರಿನವರಿಗೂ ನಡುವೆ ಕೋಲು ಇರುತ್ತದೆ. ನನ್ನ ತೂಕ ನನ್ನ ಕಾಲ ಮೇಲೆಯೇ ನಿಂತಿರುತ್ತದೆ. ಇಲ್ಲಿ ಕೈ ಕೈ ಹಿಡಿದು ಸುತ್ತುವಾಗ ಇಬ್ಬರೂ ತುಸು ಹಿಂದಕ್ಕೆ ವಾಲಿ ಪರಸ್ಪರ ಭಾರ ಕೊಡಬೇಕೆನ್ನುತ್ತಾರೆ. ನನ್ನ ಕೈ ಸಡಿಲವಾಗಿ ಜೋತು ಬೀಳುತ್ತದೆಂದು ಇಬ್ಬರು ಮೂವರು ನಯವಾಗಿ ಹೇಳಿದ್ದಾರೆ. ‘ಸ್ವಿಂಗ್’ ಎಂಬ ಜೋಡಿಸುತ್ತಿನಲ್ಲಂತೂ ತಲೆ ಸುತ್ತಿ ಗೋಡೆ ಹಿಡಿಯುವಂತಾಗುತ್ತದೆ. ಇವೆರಡಕ್ಕೆ ದಾರಿ ಹೇಳುವಿರಾ? ಜೋಡಿಯಲ್ಲಿ ಎಡಕ್ಕೆ ನಿಲ್ಲುವ, ಬಲಕ್ಕೆ ನಿಲ್ಲುವ ಎರಡೂ ಪಾತ್ರಗಳನ್ನು ಮೊದಲಿನಿಂದಲೇ ಕಲಿಯುವುದು ಒಳಿತೋ, ಒಂದು ಪಕ್ವವಾಗುವವರೆಗೆ ಕಾಯುವುದು ಒಳಿತೋ ಎಂಬುದೂ ತಿಳಿಯಬೇಕಿದೆ.

ಹಳೆಯ ಸಾಲು:

ಜಡೆಕೋಲು ಅವರೇ, ತಾವು ಕೇಳಿದ ಎರಡು ತೊಂದರೆಗಳ ಮೂಲ ಒಂದೇ. ಭಾರ ಕೊಡುವುದೆಂದರೆ ಎಳೆಯುವುದೆಂದು ಹೊಸಬರು ಭಾವಿಸುತ್ತಾರೆ. ಎಳೆಯುವವರು ತೋಳಿನ ಬಲ ಬಳಸುತ್ತಾರೆ. ಭಾರ ಕೊಡುವವರು ಮೊಣಕೈಯನ್ನು ತುಸು ಮಡಿಸಿ, ತೋಳನ್ನು ಬಿಗಿಯೂ ಅಲ್ಲದ ಸಡಿಲವೂ ಅಲ್ಲದ ಹದದಲ್ಲಿಟ್ಟು, ತಮ್ಮ ಬೆನ್ನಿನ ತೂಕ ಎದುರಿನವರಿಗೆ ತಿಳಿಯುವಂತೆ ನಿಲ್ಲುತ್ತಾರೆ, ಅಷ್ಟೆ. ಬಾವಿಯಿಂದ ನೀರು ಸೇದುವಾಗ ಹಗ್ಗ ಜೋತು ಬೀಳದಂತೆ ಕೈಯಲ್ಲಿ ಇರುವ ಹದವನ್ನು ನೆನೆಸಿಕೊಳ್ಳಿ. ಒಂದು ಕೈ ಹಿಡಿದು ಸುತ್ತುವ ‘ಅಲೆಮಾಂಡ್’ನಲ್ಲಿ ಹೆಬ್ಬೆರಳಿನಿಂದ ಎದುರಿನವರ ಕೈಯ ಹಿಂಭಾಗವನ್ನು ಅದುಮಬೇಡಿ. ಇಲ್ಲಿ ಸಂಧಿವಾತವಿರುವ ಹಿರಿಯರು ಬಹಳ ಮಂದಿ ಆಡುತ್ತಾರೆ, ಅವರಿಗೆ ಅದು ನೋವು ಕೊಡುತ್ತದೆ.

ಸ್ವಿಂಗ್‌ನಲ್ಲಿ ತಲೆ ಸುತ್ತುವುದು ದೃಷ್ಟಿ ನಿಲ್ಲದ ಕಾರಣದಿಂದ. ಸಭಾಂಗಣವನ್ನು ನೋಡುತ್ತಾ ಸುತ್ತಿದರೆ ಗೋಡೆ, ದೀಪ, ಜನರೆಲ್ಲ ಕಣ್ಣ ಮುಂದೆ ಹರಿದುಹೋಗುತ್ತಾರೆ. ಜೊತೆಗಾರರ ಮುಖ ಮಾತ್ರ ನಿಮ್ಮೊಂದಿಗೇ ಸುತ್ತುವುದರಿಂದ ಅದು ನಿಂತಂತೆ ಕಾಣುತ್ತದೆ. ಆದ್ದರಿಂದ ಅಲ್ಲಿ ನೋಡಬೇಕು. ಅಪರಿಚಿತರ ಕಣ್ಣನ್ನು ಅಷ್ಟು ಹೊತ್ತು ನೋಡುವುದು ನಮ್ಮ ಕಡೆಯವರಿಗೆ ಇರುಸುಮುರುಸಾದರೆ ಕಿವಿಯ ಓಲೆಯನ್ನೋ ಕನ್ನಡಕದ ಕಡ್ಡಿಯನ್ನೋ ನೋಡಿದರೂ ಅದೇ ಫಲ. ಹೆಜ್ಜೆಯ ವಿಷಯಕ್ಕೆ ಬಂದರೆ, ಬಲಗಾಲುಗಳೆರಡೂ ಮಧ್ಯದಲ್ಲಿ ಹತ್ತಿರವಿರುತ್ತವೆ, ಎಡಗಾಲು ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ಇದಕ್ಕೆ ‘ಬಝ್ ಸ್ಟೆಪ್’ ಎನ್ನುತ್ತಾರೆ. ಅದು ಬಾರದಿದ್ದರೆ ಸುಮ್ಮನೆ ನಡೆಯುತ್ತಾ ಸುತ್ತಿ, ಯಾರೂ ಆಕ್ಷೇಪಿಸುವುದಿಲ್ಲ. ವೇಗ ಹೆಚ್ಚೆನಿಸಿದರೆ ‘ನಿಧಾನ’ ಎಂದು ಬಾಯಿ ಬಿಟ್ಟು ಹೇಳಿ.

ಸಾಲಿನ ತುದಿಯ ಬಗ್ಗೆ ತಾವು ಕೇಳಿಲ್ಲ, ಆದರೆ ಹೊಸಬರು ಹೆಚ್ಚು ಕಂಗೆಡುವುದು ಅಲ್ಲಿಯೇ. ತುದಿ ತಲುಪಿದ ಜೋಡಿಗೆ ಎದುರು ಜೋಡಿ ಇರುವುದಿಲ್ಲವಾದ್ದರಿಂದ ಒಂದು ಸುತ್ತು ಸುಮ್ಮನೆ ನಿಲ್ಲಬೇಕು. ಆ ಬಿಡುವಿನಲ್ಲಿ, ಸಾಮಾನ್ಯವಾದ ನಿಲುವಿನ ನೃತ್ಯಗಳಲ್ಲಿ, ಜೊತೆಗಾರರೊಡನೆ ಸ್ಥಾನ ಬದಲಿಸಿಕೊಂಡು ಸಾಲಿನತ್ತ ಮುಖ ಮಾಡಿ ಕಾಯಬೇಕು. ಮರಳಿ ಒಳಹೊಕ್ಕಾಗ, ಇಷ್ಟು ಹೊತ್ತು ಕೆಳಗೆ ಸರಿಯುತ್ತಿದ್ದ ನೀವು ಮೇಲೆ ಸರಿಯುವ ಜೋಡಿಯಾಗಿರುತ್ತೀರಿ. ಮೊದಲ ಸಂಜೆಗಳಲ್ಲಿ ಸಾಲಿನ ನಡುವೆ ನಿಲ್ಲಿ, ಅನುಭವಿಗಳನ್ನೇ ಜೊತೆಗೆ ಕರೆಯಿರಿ. ಇಬ್ಬರು ಹೊಸಬರು ಜೋಡಿಯಾದರೆ ಕೈಹಿಡಿದು ನಡೆಸುವವರೇ ಇರುವುದಿಲ್ಲ. ನಡುವೆ ಒಂದು ಚಲನೆ ತಪ್ಪಿಹೋದರೆ ಅದನ್ನು ಮುಗಿಸಲು ಹೆಣಗಬೇಡಿ, ಮುಂದಿನ ಚಲನೆ ಎಲ್ಲಿ ಆರಂಭವಾಗುವುದೋ ಅಲ್ಲಿಗೆ ಹೋಗಿ ನಿಲ್ಲಿ. ಸಂಗೀತ ಯಾರಿಗೂ ಕಾಯುವುದಿಲ್ಲ.

ಪಾತ್ರಗಳ ಬಗ್ಗೆ: ಮೊದಲು ಪುರುಷ ಪಾತ್ರ, ಸ್ತ್ರೀ ಪಾತ್ರ ಎನ್ನುತ್ತಿದ್ದರು, ಈಗ ಬಹಳ ಕಡೆ ಎಡಕ್ಕೆ ನಿಲ್ಲುವವರಿಗೆ ‘ಲಾರ್ಕ್’, ಬಲಕ್ಕೆ ನಿಲ್ಲುವವರಿಗೆ ‘ರಾಬಿನ್’ ಎನ್ನುತ್ತಾರೆ, ಯಾರು ಬೇಕಾದರೂ ಯಾವುದನ್ನು ಬೇಕಾದರೂ ಆಡಬಹುದು. ಸ್ವಿಂಗ್ ಮುಗಿದಾಗ ಯಾವ ಕಡೆ ಬಿಡಿಸಿಕೊಳ್ಳಬೇಕೆಂಬುದು ಯೋಚಿಸದೆ ಬರುವವರೆಗೆ ಒಂದೇ ಪಾತ್ರದಲ್ಲಿರಿ ಎಂಬುದು ನನ್ನ ಸಲಹೆ. ಇದನ್ನು ಒಪ್ಪದ ಅನುಭವಿಗಳೂ ಇದ್ದಾರೆ.

ಬಿಲ್ಲುತಂತಿ:

ನಾನು ಕರ್ನಾಟಕ ಸಂಗೀತದ ಪಿಟೀಲು ಕಲಿತವನು, ಈಗ ಕೆಲವೊಮ್ಮೆ ಇಲ್ಲಿನ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕುಳಿತು ನುಡಿಸುತ್ತೇನೆ. ಹೆಜ್ಜೆಯ ಲೆಕ್ಕವನ್ನು ಬಾಯಿಪಾಠ ಮಾಡಲು ಹೆಣಗುವ ನಮ್ಮವರಿಗೆ ಒಂದು ಸುಲಭದ ದಾರಿ ಇದೆ. ಕಾಂಟ್ರಾದ ಧಾಟಿಯಲ್ಲಿ ಎರಡು ಭಾಗಗಳಿರುತ್ತವೆ, ಪ್ರತಿಯೊಂದನ್ನೂ ಎರಡೆರಡು ಸಲ ನುಡಿಸುತ್ತಾರೆ. ಒಂದೊಂದು ಭಾಗಕ್ಕೆ 16 ಹೆಜ್ಜೆ, ಒಟ್ಟು 64. ಒಂದು ಹೆಜ್ಜೆಗೆ ಒಂದು ಅಕ್ಷರವೆಂದು ಹಿಡಿದರೆ ಆದಿತಾಳದ ಎಂಟು ಆವರ್ತನಗಳಲ್ಲಿ ಇಡೀ ಸುತ್ತು ಮುಗಿಯುತ್ತದೆ. ಹೆಚ್ಚಿನ ಚಲನೆಗಳು ಎಂಟು ಹೆಜ್ಜೆಯವು, ಅಂದರೆ ಒಂದು ಆವರ್ತನ; ಉದ್ದದ ಸ್ವಿಂಗ್ ಅಥವಾ ಪೂರ್ಣ ‘ಹೇ’ಗೆ ಎರಡು ಆವರ್ತನ. ತಾಳ ಹಾಕಿ ಬೆಳೆದವರು ಬೆರಳೆಣಿಕೆ ಬಿಟ್ಟು ಸಮವನ್ನು ಕಿವಿಯಲ್ಲಿ ಹಿಡಿದುಕೊಂಡರೆ ಚಲನೆಗಳ ಹೆಸರನ್ನು ಕೂಗಿ ಹೇಳುವವರು ಬಾಯಿ ಮುಚ್ಚಿದ ಮೇಲೂ ಚಲನೆ ಎಲ್ಲಿ ಬದಲಾಗುತ್ತದೆಂದು ಗೊತ್ತಾಗುತ್ತದೆ.

‘ರೀಲ್’ ಎಂಬ ಬಗೆಯಲ್ಲಿ ಹೆಜ್ಜೆಯೊಂದು ನಾಲ್ಕಾಗಿ ಒಡೆಯುತ್ತದೆ, ‘ಜಿಗ್’ ಎಂಬುದರಲ್ಲಿ ಮೂರಾಗಿ. ಚತುರಶ್ರ, ತಿಶ್ರ ನಡೆಗಳೆಂದರೆ ನಮ್ಮವರಿಗೆ ಥಟ್ಟನೆ ತಿಳಿಯುತ್ತದೆ. ಎರಡರಲ್ಲೂ ಕಾಲಿನ ವೇಗ ಒಂದೇ, ನಿಮಿಷಕ್ಕೆ ಸುಮಾರು 110ರಿಂದ 120 ಹೆಜ್ಜೆ. ಆದುದರಿಂದ ಒಂದು ಸುತ್ತು ಅರ್ಧ ನಿಮಿಷಕ್ಕೆ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಧಾಟಿಗಳಲ್ಲಿ ಬಹುಪಾಲು ಶಂಕರಾಭರಣದ ಸ್ವರಗಳಲ್ಲಿವೆ, ಹರಿಕಾಂಭೋಜಿ ಮತ್ತು ಖರಹರಪ್ರಿಯದ ಸ್ವರಗಳಲ್ಲಿಯೂ ಹಲವು ಸಿಗುತ್ತವೆ. ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರ ಕಲಿತವರಿಗೆ ಈ ಧಾಟಿಗಳ ಓಟ ಪರಿಚಿತವೆನಿಸುವುದು ಆಕಸ್ಮಿಕವಲ್ಲ. ಆ ರಚನೆಗಳಲ್ಲಿ ಕೆಲವು ಬ್ರಿಟಿಷರ ಬ್ಯಾಂಡುಗಳು ನುಡಿಸುತ್ತಿದ್ದ ಇಂಗ್ಲಿಷ್, ಐರಿಷ್ ಧಾಟಿಗಳ ಮೇಲೆಯೇ ಕಟ್ಟಿದವು. ನುಡಿಸಲು ಬಯಸುವವರಿಗೆ ಒಂದೇ ಮಾತು: ಗಮಕವನ್ನು ಮನೆಯಲ್ಲಿ ಬಿಟ್ಟು ಬನ್ನಿ. ಇಲ್ಲಿ ಅಲಂಕಾರವೆಲ್ಲ ಬಿಲ್ಲಿನ ಒತ್ತಿನಲ್ಲಿರುತ್ತದೆ, ಆ ಒತ್ತು ನರ್ತಕರ ಕಾಲಿಗೆ ಹೋಗಬೇಕು.

ಸಂಕೋಚ:

ಇಷ್ಟೆಲ್ಲ ಓದಿದ ಮೇಲೆ ಆಸೆಯಾಗುತ್ತಿದೆ, ಆದರೆ ಕೇಳಲೇಬೇಕಾದ ಒಂದು ಮಾತಿದೆ. ನಾನು ಐವತ್ತು ದಾಟಿದವಳು. ನಮ್ಮ ಮನೆಯಲ್ಲಿ ಯಾರೂ ಇದನ್ನು ಬೇಡವೆನ್ನುವವರಿಲ್ಲ, ಆದರೂ ಪರಪುರುಷರೊಬ್ಬರು ಬೆನ್ನಿಗೆ ಕೈಯಿಟ್ಟು ಸುತ್ತಿಸುವುದನ್ನು ನೆನೆದರೆ ನನ್ನ ಮೈಯೇ ಹಿಂದೆಗೆಯುತ್ತದೆ. ಯಾರಾದರೂ ಬಂದು ಕರೆದಾಗ ಒಲ್ಲೆ ಎಂದರೆ ಅವಮಾನವೆಂದು ತಿಳಿಯುವರೇ? ಸೀರೆಯುಟ್ಟು ಆಡಲು ಸಾಧ್ಯವೇ, ಅಥವಾ ಸಲ್ವಾರ್ ಮೇಲೆಂದುಕೊಳ್ಳಲೇ?

ಜಡೆಕೋಲು:

ಅಕ್ಕ, ಬಟ್ಟೆಯ ಮಾತು ಸುಲಭವಾದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. ಸೀರೆ ಬೇಡ, ಸುತ್ತುವಾಗ ನೆರಿಗೆ ಕಾಲಿಗೆ ಸಿಕ್ಕುತ್ತದೆ. ಸಲ್ವಾರ್ ಆಗಬಹುದು, ಆದರೆ ದುಪಟ್ಟಾವನ್ನು ಕುರ್ಚಿಯ ಮೇಲೆ ಬಿಟ್ಟು ಬರಬೇಕು, ಇಲ್ಲವೆ ಸೊಂಟಕ್ಕೆ ಬಿಗಿದುಕೊಳ್ಳಬೇಕು. ಗಾಜಿನ ಬಳೆ ಖಂಡಿತ ಬೇಡ: ಒಡೆದರೆ ನಿಮ್ಮ ಕೈಗೂ ಎದುರಿನವರ ಕೈಗೂ ಗಾಯ. ಹರಳು ಮೇಲೆದ್ದಿರುವ ಉಂಗುರವನ್ನೂ ಕಳಚಿಡಿ. ಬೀದಿಯಲ್ಲಿ ನಡೆದ ಪಾದರಕ್ಷೆಯನ್ನು ಮರದ ನೆಲದ ಮೇಲೆ ತರಬಾರದೆಂದು ಬಹಳ ಕಡೆ ನಿಯಮವಿದೆ, ಶುಚಿಯಾದ ಮೆದು ತಳದ ಬೂಟು ಚೀಲದಲ್ಲಿರಲಿ. ಕೆಲವು ಕಡೆ ಸುಗಂಧದ್ರವ್ಯ ಹಾಕಿಕೊಂಡು ಬರಬೇಡಿರೆಂದು ಕೇಳಿಕೊಳ್ಳುತ್ತಾರೆ, ಉಸಿರಾಟದ ತೊಂದರೆ ಇರುವವರಿಗಾಗಿ.

ಒಲ್ಲೆ ಎನ್ನುವುದರ ಬಗ್ಗೆ ನಾನೂ ಮೊದಲು ಹಿಂಜರಿದಿದ್ದೆ. ಇಲ್ಲಿ ಕರೆಯುವ ಹಕ್ಕು ಎಲ್ಲರಿಗೂ ಇರುವಂತೆಯೇ ಬೇಡವೆನ್ನುವ ಹಕ್ಕೂ ಎಲ್ಲರಿಗೂ ಇದೆ, ಅದಕ್ಕೆ ಕಾರಣ ಕೊಡಬೇಕಿಲ್ಲ. ಹೆಂಗಸರು ಹೆಂಗಸರನ್ನು ಕರೆದು ಆಡುವುದು ಸಾಮಾನ್ಯ. ನಾನು ಮೊದಲ ಸಂಜೆಗಳಲ್ಲಿ ಹಾಗೆಯೇ ಮಾಡಿದೆ. ಆದರೆ ಒಂದನ್ನು ಮರೆಮಾಚಬಾರದು: ಜೊತೆಗಾರರನ್ನು ನೀವು ಆರಿಸಿಕೊಂಡರೂ ಸಾಲಿನಲ್ಲಿ ಸರಿಯುತ್ತಾ ಹೋದಂತೆ ಎದುರಾಗುವ ನೆರೆಯವರನ್ನು ಆರಿಸಿಕೊಳ್ಳಲಾಗದು, ಅವರೊಡನೆಯೂ ಸ್ವಿಂಗ್ ಇರುತ್ತದೆ. ಆಗ ಎರಡೂ ಕೈಗಳನ್ನು ಮುಂದೆ ಚಾಚಿದರೆ ಅವರು ಬೆನ್ನಿಗೆ ಕೈಯಿಡದೆ ಎರಡು ಕೈ ಹಿಡಿದು ಸುತ್ತುತ್ತಾರೆ. ಇದು ಎಲ್ಲರೂ ಬಲ್ಲ ಸನ್ನೆ.

ಹಳೆಯ ಸಾಲು:

ಅಮ್ಮಾ, ತಾವು ಇಂಗ್ಲಿಷ್ ಕಂಟ್ರಿ ನೃತ್ಯವನ್ನು ಮೊದಲು ನೋಡುವುದು ಒಳ್ಳೆಯದು. ಅದು ಕಾಂಟ್ರಾದ ಹಿರಿಯ ಸಂಬಂಧಿ, ಈ ಭಾಗದಲ್ಲಿ ಬಹಳ ಕಡೆ ನಡೆಯುತ್ತದೆ. ಅಲ್ಲಿಯೂ ಸಾಲು, ಜೋಡಿ, ಸರಿಯುವಿಕೆ ಎಲ್ಲ ಇವೆ, ಆದರೆ ಸ್ವಿಂಗ್ ಅಪರೂಪ, ಹೆಚ್ಚಿನ ಸ್ಪರ್ಶ ಕೈಬೆರಳುಗಳಿಗೇ ಮುಗಿಯುತ್ತದೆ, ಎಷ್ಟೋ ಚಲನೆಗಳಲ್ಲಿ ಎದುರುಬದುರಾಗಿ ನೋಡುತ್ತಾ ಸುತ್ತುವುದೇ ಹೊರತು ಮುಟ್ಟುವುದೇ ಇಲ್ಲ. ವೇಗವೂ ಕಡಿಮೆ. ಕಷ್ಟವೆಂದರೆ ಒಂದೊಂದು ನೃತ್ಯಕ್ಕೂ ತನ್ನದೇ ಧಾಟಿ ಇರುತ್ತದೆ, ಉದ್ದವೂ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಬಿಲ್ಲುತಂತಿ ಅವರು ಹೇಳಿದ ಎಂಟು ಆವರ್ತನದ ಲೆಕ್ಕ ಎಲ್ಲ ಕಡೆಯೂ ನಡೆಯದು. ನೆನಪಿನ ಶಕ್ತಿ ಹೆಚ್ಚು ಬೇಕು, ಉಸಿರು ಕಡಿಮೆ ಸಾಕು.

ಹಾಸನದಿಂದ:

ನಾನು ಊರಿನಲ್ಲೇ ಇರುವವನು, ವಯಸ್ಸಾದವನು, ಮಕ್ಕಳಿಗೆ ಕೋಲಾಟ ಹೇಳಿಕೊಟ್ಟವನು. ಈ ಚರ್ಚೆಯನ್ನು ಓದುತ್ತಾ ಬಂದಾಗ ಒಂದು ಬೇಸರ ಮೂಡಿತು, ಅದನ್ನು ಒಳಗಿಟ್ಟುಕೊಳ್ಳಲಾರೆ. ಕೋಲಾಟ ಬಲ್ಲ ಹೆಣ್ಣುಮಗಳೊಬ್ಬಳು ಕೋಲನ್ನು ಕೆಳಗಿಟ್ಟು ಪರಕೀಯರ ಸಾಲಿನಲ್ಲಿ ನಿಂತು ಕಲಿಯುವ ಆಸಕ್ತಿಯ ಅರ್ಧದಷ್ಟನ್ನು ಅಲ್ಲಿಯ ಕನ್ನಡದ ಮಕ್ಕಳಿಗೆ ಕೋಲಾಟ ಕಲಿಸಲು ತೋರಿದರೆ ನಮ್ಮ ಪದಗಳು ಉಳಿಯುತ್ತವೆ. ಅವರ ನೃತ್ಯವನ್ನು ಉಳಿಸಲು ಅವರ ಜನ ಬೇಕಾದಷ್ಟಿದ್ದಾರೆ.

ಜಡೆಕೋಲು:

ಯಜಮಾನರೇ, ನಮಸ್ಕಾರ. ತಮ್ಮ ಬೇಸರಕ್ಕೆ ಆಧಾರವಿಲ್ಲವೆಂದು ನಾನು ಹೇಳಲಾರೆ. ಆದರೆ ಇಲ್ಲಿಗೆ ಬಂದ ಮೇಲೂ ನಾನು ಕೋಲನ್ನು ಕೆಳಗಿಟ್ಟಿಲ್ಲ. ಇಲ್ಲಿನ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವಕ್ಕೋ ಯುಗಾದಿಗೋ ಕೋಲಾಟ ಇದ್ದೇ ಇರುತ್ತದೆ, ನಾನೂ ಆಡಿದ್ದೇನೆ. ತಂಡ ಮೊದಲೇ ಗೊತ್ತಾಗಿರುತ್ತದೆ, ವಾರಗಟ್ಟಲೆ ಅಭ್ಯಾಸವಿರುತ್ತದೆ, ಒಂದೇ ಬಣ್ಣದ ಸೀರೆ ಇರುತ್ತದೆ, ಧ್ವನಿಮುದ್ರಿತ ಹಾಡು ಮುಗಿದೊಡನೆ ಚಪ್ಪಾಳೆ ಬೀಳುತ್ತದೆ. ನೋಡುತ್ತಾ ಕುಳಿತವರಲ್ಲಿ ಕೋಲಾಟ ಬಲ್ಲ ಅಜ್ಜಿಯೊಬ್ಬರಿದ್ದರೂ ಅವರು ಎದ್ದು ಬಂದು ಸೇರಿಕೊಳ್ಳಲು ಆ ಕಟ್ಟಿನಲ್ಲಿ ಎಡೆಯೇ ಇಲ್ಲ. ನಾನು ಚಿಕ್ಕವಳಿದ್ದಾಗ ಬೆಳದಿಂಗಳ ರಾತ್ರಿ ಕೋಲು ಹಿಡಿದವರ ಸುತ್ತು ಹಾಗಿರಲಿಲ್ಲ: ಸೊಲ್ಲು ಹೇಳುವವರು ನಡುವೆ ನಿಲ್ಲುತ್ತಿದ್ದರು, ಬಂದವರು ಬಂದ ಹಾಗೆ ಸುತ್ತು ದೊಡ್ಡದಾಗುತ್ತಿತ್ತು, ಕಲಿಯದ ಮಕ್ಕಳನ್ನು ಇಬ್ಬರು ಬಲ್ಲವರ ನಡುವೆ ನಿಲ್ಲಿಸುತ್ತಿದ್ದರು. ಕಾಂಟ್ರಾದ ಸಾಲಿಗೆ ನಾನು ಹೋದದ್ದು ಆ ಬಗೆಯ ಆಟ ಇನ್ನೂ ಜೀವಂತವಾಗಿ ನಡೆಯುತ್ತಿರುವ ಜಾಗವನ್ನು ಹುಡುಕಿಕೊಂಡು. ಬಾಗಿಲಲ್ಲಿ ಹತ್ತಿಪ್ಪತ್ತು ಡಾಲರ್ ಕೊಟ್ಟು ಒಳಹೊಕ್ಕವರೆಲ್ಲ ಅಲ್ಲಿ ನರ್ತಕರೇ, ನೋಡುಗರೆಂಬವರೇ ಇಲ್ಲ.

ಹಳೆಯ ಸಾಲು:

ಹಿರಿಯರು ಅನುಮತಿಸಿದರೆ ಇತಿಹಾಸದ ಒಂದೆರಡು ಮಾತು ಸೇರಿಸುತ್ತೇನೆ, ಏಕೆಂದರೆ ‘ಉಳಿಸಲು ಅವರ ಜನ ಬೇಕಾದಷ್ಟಿದ್ದಾರೆ’ ಎಂಬುದು ಯಾವಾಗಲೂ ನಿಜವಾಗಿರಲಿಲ್ಲ. ಜಾನ್ ಪ್ಲೇಫೋರ್ಡ್ ಎಂಬ ಪ್ರಕಾಶಕರು 1651ರಲ್ಲಿ ಲಂಡನ್ನಿನಲ್ಲಿ ಇಂಗ್ಲೆಂಡಿನ ಕಂಟ್ರಿ ನೃತ್ಯಗಳ ಕೈಪಿಡಿಯನ್ನು ಅಚ್ಚು ಹಾಕಿದರು. ಅದು ಸುಮಾರು 1728ರವರೆಗೆ ಮತ್ತೆ ಮತ್ತೆ ಬೆಳೆದು ಮುದ್ರಣಗೊಂಡಿತು. ಈ ನೃತ್ಯಗಳು ಫ್ರಾನ್ಸಿಗೂ ಹೋದವು, ವಲಸಿಗರೊಡನೆ ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿಗೂ ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ವಾಡ್ರಿಲ್, ವಾಲ್ಟ್ಸ್, ಪೋಲ್ಕಾ ಎಂಬ ಹೊಸ ನೃತ್ಯಗಳ ಅಬ್ಬರದಲ್ಲಿ ನಗರದವರು ಇವನ್ನು ಹಳ್ಳಿಗರ ಆಟವೆಂದು ಕೈಬಿಟ್ಟರು. ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್‌ಗಳ ಪುಟ್ಟ ಊರುಗಳ ಪುರಭವನಗಳಂಥ ಕಡೆಗಳಲ್ಲಿ ಮಾತ್ರ ಇವು ಬದುಕಿಕೊಂಡವು. ನ್ಯೂ ಹ್ಯಾಂಪ್‌ಶೈರ್‌ನ ರಾಲ್ಫ್ ಪೇಜ್ (1903-1985) ಅವರು ಹೆಜ್ಜೆ ಕೂಗುತ್ತಾ, ಹಳೆಯ ನೃತ್ಯಗಳನ್ನು ಕೂಡಿಡುತ್ತಾ ಆ ಎಳೆಯನ್ನು ಹಿಡಿದುಕೊಂಡರು. ಅದೇ ರಾಜ್ಯದ ಡಡ್ಲಿ ಲಾಫ್‌ಮನ್ ಅವರು 1960 ಮತ್ತು 70ರ ದಶಕಗಳಲ್ಲಿ ತರುಣರನ್ನು ಸಾಲಿಗೆ ಕರೆತಂದರು. ಅವರಿಗೆ 2009ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರಾ ಗೌರವ ಸಂದಿತು. ಇಂದು ಮ್ಯಾಸಚೂಸೆಟ್ಸ್ ರಾಜ್ಯದ ಗ್ರೀನ್‌ಫೀಲ್ಡ್‌ನ ಗೈಡಿಂಗ್ ಸ್ಟಾರ್ ಗ್ರೇಂಜ್, ಕಾನ್ಕಾರ್ಡ್‌ನ ಸ್ಕೌಟ್ ಹೌಸ್, ಮೇರಿಲ್ಯಾಂಡ್‌ನ ಗ್ಲೆನ್ ಎಕೋ ಉದ್ಯಾನದಲ್ಲಿ 1933ರಲ್ಲಿ ಕಟ್ಟಿದ ಸ್ಪ್ಯಾನಿಷ್ ಬಾಲ್‌ರೂಮ್ ಇಂಥ ಕಡೆಗಳ ಹೆಸರು ಕಾಂಟ್ರಾ ಆಡುವವರ ಬಾಯಲ್ಲಿದೆ.

ಉಳಿದದ್ದು ಬದಲಾಗಿ ಉಳಿಯಿತು ಎಂಬುದನ್ನೂ ಹೇಳಬೇಕು. ಹಳೆಯ ನೃತ್ಯಗಳಲ್ಲಿ ಹೆಚ್ಚು ಆಡುವವರು ಮೊದಲ ಜೋಡಿ, ಎರಡನೆಯ ಜೋಡಿ ಬಹುಹೊತ್ತು ನಿಂತೇ ಇರಬೇಕಿತ್ತು. ಈಗ ರಚಿಸುವ ನೃತ್ಯಗಳಲ್ಲಿ ನಾಲ್ವರಿಗೂ ಬಿಡುವಿಲ್ಲದ ಕೆಲಸ. ಹಳೆಯ ರೀತಿ ಸೊಗಸೆನ್ನುವವರೂ ಇದ್ದಾರೆ, ನನಗೂ ಹಾಗೆಯೇ ಅನ್ನಿಸುತ್ತದೆ: ನಿಂತವರಿಗೆ ಆಡುವವರನ್ನು ನೋಡುವ ಸುಖವಿತ್ತು, ಮಾತನಾಡಿಸುವ ಬಿಡುವೂ ಇತ್ತು.

ಮಂದ್:

ನಾನು ಕೊಡಗಿನವನು. ಪುತ್ತರಿ ಹಬ್ಬದ ಬಳಿಕ ಊರಿನವರು ಸೇರುವ ಬಯಲಾದ ಮಂದ್‌ನಲ್ಲಿ ಕೋಲಾಟ್ ಆಡುವುದು ನಮ್ಮಲ್ಲಿ ಇಂದಿಗೂ ಇದೆ, ಅದು ಊರವರದು, ವೇದಿಕೆಯದಲ್ಲ. ದುಡಿ ನುಡಿಸುವವರ ಹಾಡಿಗೆ ಬೆತ್ತದ ಕೋಲು ಹಿಡಿದ ಗಂಡಸರು ಸುತ್ತುತ್ತಾರೆ. ಅದೇ ಮಂದ್‌ನಲ್ಲಿ ಕಾಣುವ ಪರೆಯಕಳಿಯಲ್ಲಿ ಗುರಾಣಿ ಹಿಡಿದು ಎದುರಾಳಿಯ ಮೊಣಕಾಲಿನ ಕೆಳಗೆ ಬೆತ್ತದಿಂದ ಬಾರಿಸುತ್ತಾರೆ. ಅದಕ್ಕೆ ಹೊಸಬರನ್ನು ಕರೆಯಿರೆಂದು ನಾನಂತೂ ಹೇಳಲಾರೆ. ಆದರೆ ಕೋಲಾಟ್, ಹೆಂಗಸರು ಆಡುವ ಉಮ್ಮತ್ತಾಟ್ ಎರಡೂ ದಿನ, ಜಾಗ, ಜನ ಈ ಮೂರಕ್ಕೆ ಕಟ್ಟಿಕೊಂಡಿವೆ. ಊರು ಬಿಟ್ಟವರು ಪರದೇಶದಲ್ಲಿ ಆಡಿದರೆ ಅದು ಪ್ರದರ್ಶನವಾಗಿಬಿಡುವುದಕ್ಕೆ ಅದೇ ಕಾರಣವೆಂದು ನನ್ನ ಊಹೆ. ಕಾಂಟ್ರಾ ಯಾವ ಹಬ್ಬಕ್ಕೂ ಕಟ್ಟಿಕೊಂಡಿಲ್ಲ, ಯಾವ ಶನಿವಾರವಾದರೂ ಸರಿ. ಅದು ಅದರ ಬಲವೂ ಹೌದು, ಅದರಲ್ಲಿ ಒಂದು ಕೊರತೆಯನ್ನೂ ಕಾಣುತ್ತೇನೆ. ದೇವರಿಲ್ಲದ, ಕಣವಿಲ್ಲದ ಕುಣಿತ ನನಗೆ ಅಷ್ಟು ಬೇಗ ಮೈಗೆ ಹತ್ತಲಿಲ್ಲ.

ಹಾಸನದಿಂದ:

ನನ್ನ ಮಾತು ಖಾರವಾಗಿದ್ದರೂ ತಾಳ್ಮೆಯಿಂದ ಉತ್ತರಿಸಿದ್ದೀರಿ, ಸಂತೋಷ. ಒಂದೇ ಬಣ್ಣದ ಸೀರೆಯ ಮಾತು ಊರಿಗೂ ಸಲ್ಲುತ್ತದೆ ಎಂದು ಒಪ್ಪುತ್ತೇನೆ. ಈಗ ನಮ್ಮಲ್ಲಿಯೂ ಕೋಲಾಟವೆಂದರೆ ಮೆರವಣಿಗೆಯ ಮುಂದೆ ನಡೆಯುವ ತಂಡ, ಇಲ್ಲವೆ ಶಾಲಾ ಸ್ಪರ್ಧೆ. ಹಾಗಾದರೆ ಕೇಳುತ್ತೇನೆ: ಅಲ್ಲಿ ಗೊತ್ತಿಲ್ಲದ ನೂರು ಜನರನ್ನು ಒಂದೇ ಸಂಜೆಯಲ್ಲಿ ಆಡಿಸುವ ಉಪಾಯವೇನು? ನಮ್ಮ ಕೋಲಾಟದಲ್ಲಿ ಒಂದು ಕೋಪು ಕೂರಲು ವಾರ ಹಿಡಿಯುತ್ತದೆ.

ಜಡೆಕೋಲು:

ಯಜಮಾನರೇ, ನಾನು ಕಂಡಷ್ಟನ್ನು ಹೇಳುತ್ತೇನೆ. ಸಂಜೆಯ ನೃತ್ಯಕ್ಕೆ ಅರ್ಧ ಗಂಟೆ ಮೊದಲು ಹೊಸಬರಿಗೆ ಪಾಠವಿರುತ್ತದೆ, ಅಲ್ಲಿ ನಾಲ್ಕಾರು ಚಲನೆಗಳನ್ನು ಮಾತ್ರ ಕಲಿಸುತ್ತಾರೆ. ಆಮೇಲೆ ಪ್ರತಿಯೊಂದು ನೃತ್ಯಕ್ಕೂ ಮುನ್ನ ಹೆಜ್ಜೆ ಕೂಗುವ ‘ಕಾಲರ್’ ಸಂಗೀತವಿಲ್ಲದೆ ಇಡೀ ಸುತ್ತನ್ನು ಒಮ್ಮೆ ಅಥವಾ ಎರಡು ಸಲ ನಡೆಸಿ ತೋರಿಸುತ್ತಾರೆ. ಬಲ್ಲವರೂ ಹೊಸಬರೊಡನೆ ಆ ನಡಿಗೆಯನ್ನು ನಡೆಯಲೇಬೇಕು. ಸಂಗೀತ ಮೊದಲಾದಾಗ ಪ್ರತಿ ಚಲನೆಯ ಹೆಸರನ್ನೂ ಅದು ಬರುವುದಕ್ಕೆ ತುಸು ಮುಂಚೆಯೇ ಕೂಗುತ್ತಾರೆ, ಜನ ಹಿಡಿದುಕೊಂಡಂತೆ ಕೂಗುವುದನ್ನು ಕಡಿಮೆ ಮಾಡುತ್ತಾ ಕಡೆಗೆ ನಿಲ್ಲಿಸುತ್ತಾರೆ. ಸುತ್ತಿನ ವಿನ್ಯಾಸ ಬದಲಾಗುತ್ತಿರುತ್ತದೆ, ಆದರೆ ಒಳಗಿನ ಚಲನೆಗಳು ಅವೇ ಹತ್ತಿಪ್ಪತ್ತು. ಕಾಲಿಗೆ ಬಿಗಿಯಾದ ಗತ್ತೇನೂ ಇಲ್ಲ, ತಾಳಕ್ಕೆ ನಡೆದರೆ ಸಾಕು.

ಇದರಲ್ಲಿ ಕೋಲಾಟಕ್ಕೆ ತರಲಾಗದ್ದು ಏನೂ ಇಲ್ಲವೆಂದು ನನಗೆ ತೋರುತ್ತದೆ. ನಮ್ಮಲ್ಲಿ ಸೊಲ್ಲು ಹೇಳುವವರು ಆಗಲೇ ನಡುವೆ ನಿಂತಿದ್ದಾರೆ. ಅವರು ಪದ ಹೇಳುವುದರ ಜೊತೆಗೆ ‘ಒಳಗೆ, ಹೊರಗೆ, ಮುಂದಕ್ಕೆ’ ಎಂದು ಕೂಗಿದರೆ ಆಯಿತು. ಕನ್ನಡದ ಕೆಲವು ಮನೆಯವರು ಸೇರಿ ಬರುವ ದೀಪಾವಳಿಗೆ ಹೀಗೆ ತೆರೆದ ಕೋಲಾಟವೊಂದನ್ನು ಆಡಿಸಬೇಕೆಂದಿದ್ದೇವೆ. ನಾಲ್ಕು ಏಟಿನ ಒಂದೇ ಕೋಪು, ಧ್ವನಿಮುದ್ರಿಕೆ ಇಲ್ಲ, ಬಿಲ್ಲುತಂತಿ ಅವರು ಪಿಟೀಲಿಗೆ ಒಪ್ಪಿದ್ದಾರೆ. ಕಾಂಟ್ರಾದ ಕೆಲವು ಗೆಳೆಯರೂ ಬರುವುದಾಗಿ ಹೇಳಿದ್ದಾರೆ. ಕೋಲು ಹಿಡಿದು ಗೊತ್ತಿಲ್ಲದವರ ಕೈಗೆ ಕೋಲು ಕೊಡುವಾಗ ಏನೇನು ಎಚ್ಚರ ಬೇಕು, ತಾವು ಹೇಳಬೇಕು.

ಹಾಸನದಿಂದ:

ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಮೊದಲ ಸುತ್ತನ್ನು ಕೋಲಿಲ್ಲದೆ ಆಡಿಸಿ. ಎದುರಿನವರ ಅಂಗೈಗೆ ಅಂಗೈ ತಟ್ಟಿಸಿದರೆ ಯಾವ ಏಟು ಯಾವ ಕಡೆಗೆಂದು ಕೈಗೆ ತಿಳಿಯುತ್ತದೆ. ಕೋಲು ಕೊಡುವಾಗ ಮೊಳಕ್ಕಿಂತ ಉದ್ದದ್ದು ಬೇಡ. ತುದಿಗಳು ಉರುಟಾಗಿರಲಿ, ಸೀಳಿರುವುದನ್ನು ತೆಗೆದುಹಾಕಿ. ಬುಡದಲ್ಲಿ ಹಿಡಿಯಬೇಕು, ಮುಷ್ಟಿ ಬಿಗಿಯಬಾರದು, ಏಟು ಎದೆಯ ಮಟ್ಟದಲ್ಲಿ ಕೋಲಿನ ಮೇಲ್ತುದಿಗೆ ಬೀಳಬೇಕು. ಬಿಗಿ ಮುಷ್ಟಿಯವರು ಬೆರಳು ಜಜ್ಜಿಕೊಳ್ಳುತ್ತಾರೆ, ಎದುರಿನವರದನ್ನೂ ಜಜ್ಜುತ್ತಾರೆ. ಸುತ್ತಿನಲ್ಲಿ ಒಬ್ಬ ಬಲ್ಲವರು, ಒಬ್ಬ ಹೊಸಬರು ಎಂದು ಬಿಟ್ಟು ಬಿಟ್ಟು ನಿಲ್ಲಿಸಿ. ವೇಗ ಏರಿಸಬೇಕೆಂಬ ಆಸೆ ಹುಡುಗರಿಗೆ ಬರುತ್ತದೆ, ಅದನ್ನು ಸೊಲ್ಲು ಹೇಳುವವರು ತಡೆಯಬೇಕು. ಜಡೆ ಹೆಣೆಯುವುದನ್ನು ಈ ಸಲ ಬಿಡಿ: ಹಗ್ಗ ಹಿಡಿದವರಲ್ಲಿ ಒಬ್ಬರು ದಾರಿ ಬಿಟ್ಟರೂ ಇಡೀ ಜಡೆ ಗಂಟಾಗುತ್ತದೆ, ಬಿಚ್ಚುವಷ್ಟರಲ್ಲಿ ಮಕ್ಕಳು ಮನೆಗೆ ಹೋಗಿರುತ್ತಾರೆ.

ಸಂಕೋಚ:

ನಾನು ಮುಂದಿನ ವಾರ ಇಂಗ್ಲಿಷ್ ಕಂಟ್ರಿ ನೃತ್ಯಕ್ಕೆ ಹೋಗಿ ನೋಡುತ್ತೇನೆ, ದೀಪಾವಳಿಯ ಕೋಲಾಟಕ್ಕೂ ಬರುತ್ತೇನೆ. ಕೋಲು ನಾನೇ ತರಬೇಕೇ?

ಜಡೆಕೋಲು:

ಬೇಡ ಅಕ್ಕ, ಕೋಲು ನಮ್ಮಲ್ಲಿ ಸಾಕಷ್ಟಿವೆ. ಕಾಂಟ್ರಾಕ್ಕೂ ಬರುವುದಾದರೆ ಹೊಸಬರ ಪಾಠಕ್ಕೆ ತಪ್ಪದೆ ಬನ್ನಿ, ನೃತ್ಯಕ್ಕೆ ಅರ್ಧ ಗಂಟೆ ಮೊದಲು. ಬಾಗಿಲ ಬಳಿ ಹೆಸರಿನ ಚೀಟಿ ಕೊಡುತ್ತಾರೆ, ಅದನ್ನು ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಕೆಳಗೆ ಇಂಗ್ಲಿಷಿನಲ್ಲೂ ಬರೆಯಿರಿ, ಕರೆಯುವವರಿಗೆ ಅನುಕೂಲ.